ಒದೆಗೆಷ್ಟು ಅಂಕ, ಗುದ್ದಿಗೆಷ್ಟು ಬೆಲೆ? ಕಿಕ್‌ಬಾಕ್ಸಿಂಗ್ ತೀರ್ಪಿನ ಲೆಕ್ಕಾಚಾರ

ಬೆಂಗಳೂರು: ಕೊನೆಯ ಗಂಟೆ ಬಾರಿಸುತ್ತದೆ. ರೆಫರಿ ಇಬ್ಬರು ಸ್ಪರ್ಧಿಗಳ ಮಣಿಕಟ್ಟು ಹಿಡಿದು ಕಣದ ನಡುವೆ ನಿಲ್ಲುತ್ತಾರೆ. ಒಬ್ಬನ ಮೂಗಿನಲ್ಲಿ ರಕ್ತ, ಇನ್ನೊಬ್ಬನ ತೊಡೆಯಲ್ಲಿ ಬಾಸುಂಡೆ. ಮೂರೂ ಸುತ್ತು ಮುನ್ನುಗ್ಗಿದವನೇ ಗೆದ್ದನೆಂದು ಪ್ರೇಕ್ಷಕರು ಚಪ್ಪಾಳೆ ತಟ್ಟುತ್ತಿರುವಾಗ ಮೇಲೇಳುವುದು ಮತ್ತೊಬ್ಬನ ಕೈ. ಕ್ಷಣಮಾತ್ರದಲ್ಲಿ ಚಪ್ಪಾಳೆಯ ಜಾಗದಲ್ಲಿ ಕೂಗಾಟ, ಅದರ ಬೆನ್ನಿಗೇ 'ಮೋಸ' ಎಂಬ ಮಾತು.

ಕಿಕ್‌ಬಾಕ್ಸಿಂಗ್ ಸ್ಪರ್ಧೆಗಳಲ್ಲಿ ಇಂತಹ ಸನ್ನಿವೇಶ ಅಪರೂಪವೇನಲ್ಲ. ತೀರ್ಪುಗಾರರು ತಪ್ಪುವುದೂ ಉಂಟು. ಆದರೆ ಎಷ್ಟೋ ಬಾರಿ ಪ್ರೇಕ್ಷಕರು ನೋಡುತ್ತಿರುವುದೇ ಒಂದು, ತೀರ್ಪುಗಾರರು ಲೆಕ್ಕ ಹಾಕುತ್ತಿರುವುದೇ ಇನ್ನೊಂದು ಆಗಿರುತ್ತದೆ. ಇಂದಿರಾನಗರ, ಹಲಸೂರು, ಶಿವಾಜಿನಗರದಿಂದ ಕೃಷ್ಣರಾಜಪುರದವರೆಗೆ ಬೆಂಗಳೂರಿನ ಪೂರ್ವ ಭಾಗದಲ್ಲಿ ಈ ಕಲೆಯನ್ನು ಕಲಿಸುವ ಕೇಂದ್ರಗಳಿವೆ. ಕಚೇರಿ ಮುಗಿಸಿ ಬರುವ ಯುವಕ ಯುವತಿಯರಿಗೂ, ಶಾಲಾ ಮಕ್ಕಳಿಗೂ ಇದೀಗ ಪರಿಚಿತ ವ್ಯಾಯಾಮ. ಕಲಿಯುವವರಲ್ಲಿ ಕೆಲವರು ಸ್ಪರ್ಧೆಗೂ ಇಳಿಯುತ್ತಾರೆ. ಹಾಗೆ ಇಳಿಯುವವರು ಮೊದಲು ತಿಳಿಯಬೇಕಾದದ್ದು ಒದೆಯುವುದು ಹೇಗೆಂಬುದನ್ನಷ್ಟೇ ಅಲ್ಲ, ಆ ಒದೆಯನ್ನು ಎಣಿಸುವವರು ಯಾವ ನಿಯಮದಂತೆ ಎಣಿಸುತ್ತಾರೆ ಎಂಬುದನ್ನು.

ಮಣ್ಣಿನ ಕಣ, ಹಗ್ಗದ ಕಣ

ಕನ್ನಡ ನಾಡಿಗೆ ಕಾಳಗದ ಕ್ರೀಡೆ ಹೊಸತಲ್ಲ. ಗರಡಿಮನೆಯ ಕೆಮ್ಮಣ್ಣಿನಲ್ಲಿ ನಡೆಯುವ ನಾಡಕುಸ್ತಿಯಲ್ಲಿ ಸೋಲು ಗೆಲುವಿನ ನಿರ್ಧಾರ ಬಹುಮಟ್ಟಿಗೆ ಸರಳ. ಎದುರಾಳಿಯನ್ನು ಚಿತ್ ಮಾಡಿದವನೇ ಗೆದ್ದವನು. ಬೆನ್ನಿಗೆ ಅಂಟಿದ ಮಣ್ಣೇ ಸಾಕ್ಷಿ. ಹತ್ತು ಸಾಲಿನ ಹಿಂದೆ ಕುಳಿತವನಿಗೂ ಅದು ಕಾಣುತ್ತದೆ. ಅಲ್ಲಿ ಕಾಗದ ಪೆನ್ನು ಹಿಡಿದು ಕೂರುವವರ ಅಗತ್ಯ ಕಡಿಮೆ.

ಕೈಗವಸು ತೊಟ್ಟು ಗುದ್ದಾಡುವ ಕ್ರೀಡೆಯ ಸಂಗತಿ ಬೇರೆ. 1809ರಲ್ಲಿ ನೆಲೆಗೊಂಡ ಬೆಂಗಳೂರು ದಂಡುಪ್ರದೇಶ ಬ್ರಿಟಿಷ್ ಸೇನೆಯ ತಾಣವಾಗಿತ್ತು, ಬಾಕ್ಸಿಂಗ್ ಆ ಸೇನೆಯ ಅಚ್ಚುಮೆಚ್ಚಿನ ಆಟಗಳಲ್ಲಿ ಒಂದಾಗಿತ್ತು. ನಾಕ್‌ಔಟ್ ಆಗದ ಪಂದ್ಯದಲ್ಲಿ ಗೆದ್ದವರು ಯಾರೆಂದು ಹೇಳಲು ಹೊರಗಿನಿಂದ ಯಾರಾದರೂ ಎಣಿಸಲೇಬೇಕು. ಕೈಯ ಜತೆಗೆ ಕಾಲನ್ನೂ ಸೇರಿಸಿದ ಕಿಕ್‌ಬಾಕ್ಸಿಂಗ್‌ನಲ್ಲಿ ಈ ಎಣಿಕೆ ಇನ್ನಷ್ಟು ಜಟಿಲವಾಗುತ್ತದೆ. ಒಂದು ನೇರ ಗುದ್ದು ದೊಡ್ಡದೋ, ತೊಡೆಗೆ ಬಿದ್ದ ಒದೆ ದೊಡ್ಡದೋ? ಕಿವಿಯ ಪಕ್ಕದಲ್ಲಿ ಸವರಿಹೋದ ಎತ್ತರದ ಒದೆಗೆ ಬೆಲೆ ಉಂಟೋ ಇಲ್ಲವೋ? ಉತ್ತರ ನಿಯಮಾವಳಿಯಲ್ಲಿದೆ. ನಿಯಮಾವಳಿಯಾದರೋ ಒಂದಲ್ಲ, ಹಲವು.

ಒಂದೇ ಹೆಸರು, ಹಲವು ಆಟ

'ಕಿಕ್‌ಬಾಕ್ಸಿಂಗ್' ಎಂಬುದು ಒಂದೇ ಆಟದ ಹೆಸರೆಂಬ ಭಾವನೆ ಸಾಮಾನ್ಯ. ವಾಸ್ತವದಲ್ಲಿ ಅದೊಂದು ಕುಟುಂಬದ ಹೆಸರು. 1960ರ ದಶಕದ ಜಪಾನಿನಲ್ಲಿ ಕರಾಟೆ ಮತ್ತು ಥಾಯ್ಲೆಂಡಿನ ಮುಯೆ ಥಾಯ್ ಪ್ರಭಾವದಿಂದ ಒಂದು ಧಾರೆ ಹುಟ್ಟಿತು. 1970ರ ದಶಕದ ಅಮೆರಿಕದಲ್ಲಿ, ತಾಗುವ ಮೊದಲೇ ಹೊಡೆತವನ್ನು ತಡೆಹಿಡಿಯುವ ಕರಾಟೆ ಸ್ಪರ್ಧೆಗಳಿಂದ ಬೇಸತ್ತವರು 'ಫುಲ್ ಕಾಂಟ್ಯಾಕ್ಟ್ ಕರಾಟೆ' ಎಂಬ ಇನ್ನೊಂದು ಧಾರೆಯನ್ನು ಹುಟ್ಟುಹಾಕಿದರು. 1976ರಲ್ಲಿ ಸ್ಥಾಪನೆಗೊಂಡ ವಿಶ್ವ ಕಿಕ್‌ಬಾಕ್ಸಿಂಗ್ ಸಂಸ್ಥೆಗಳ ಒಕ್ಕೂಟ 'ವಾಕೊ' ಹವ್ಯಾಸಿ ಸ್ಪರ್ಧೆಗಳಿಗೆ ನಿಯಮಗಳನ್ನು ರೂಪಿಸಿತು. ಈ ಒಕ್ಕೂಟಕ್ಕೆ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2018ರಲ್ಲಿ ತಾತ್ಕಾಲಿಕ ಮಾನ್ಯತೆಯನ್ನೂ 2021ರಲ್ಲಿ ಪೂರ್ಣ ಮಾನ್ಯತೆಯನ್ನೂ ನೀಡಿತು. ಹಾಗೆಂದು ಕಿಕ್‌ಬಾಕ್ಸಿಂಗ್ ಒಲಿಂಪಿಕ್ಸ್‌ನ ಪದಕ ಕ್ರೀಡೆಯಾಗಿಲ್ಲ ಎಂಬುದನ್ನೂ ಗಮನಿಸಬೇಕು.

ವಾಕೊ ನಿಯಮಾವಳಿಯಲ್ಲಿ ಸೆಣಸಾಟದ ಪ್ರಕಾರಗಳನ್ನು ಎರಡು ಗುಂಪುಗಳಾಗಿ ವಿಂಗಡಿಸಲಾಗಿದೆ. ಮೊದಲನೆಯದು ಚಾಪೆಯ ಮೇಲಿನ, ಅಂದರೆ ಮ್ಯಾಟ್ ಮೇಲಿನ ಪ್ರಕಾರಗಳು: ಪಾಯಿಂಟ್ ಫೈಟಿಂಗ್, ಲೈಟ್ ಕಾಂಟ್ಯಾಕ್ಟ್ ಮತ್ತು ಕಿಕ್ ಲೈಟ್. ಎರಡನೆಯದು ಹಗ್ಗ ಕಟ್ಟಿದ ರಿಂಗ್‌ನಲ್ಲಿ ನಡೆಯುವವು: ಫುಲ್ ಕಾಂಟ್ಯಾಕ್ಟ್, ಲೋ ಕಿಕ್ ಮತ್ತು ಕೆ-1. ಮ್ಯಾಟ್ ಮೇಲೆ ಹೊಡೆತದ ಬಲಕ್ಕೆ ಕಡಿವಾಣವಿದೆ. ರಿಂಗ್‌ನಲ್ಲಿ ಪೂರ್ಣ ಬಲ ಪ್ರಯೋಗಿಸಬಹುದು.

ರಿಂಗ್‌ನ ಮೂರು ಪ್ರಕಾರಗಳ ನಡುವೆಯೂ ವ್ಯತ್ಯಾಸವಿದೆ. ಫುಲ್ ಕಾಂಟ್ಯಾಕ್ಟ್‌ನಲ್ಲಿ ಸೊಂಟದಿಂದ ಮೇಲಕ್ಕೆ ಮಾತ್ರ ಒದೆಯಬೇಕು. ಪಾದದ ಬಳಿ ಕಾಲಿನಿಂದ ಸೆಳೆದು ಬೀಳಿಸುವ ಪಟ್ಟಿಗೆ ಮಾತ್ರ ವಿನಾಯಿತಿ. ಲೋ ಕಿಕ್‌ನಲ್ಲಿ ತೊಡೆಗೂ ಒದೆಯಬಹುದು. ಕೆ-1ರಲ್ಲಿ ಅದರ ಮೇಲೆ ಮೊಣಕಾಲಿನ ಪ್ರಹಾರಕ್ಕೂ ಅವಕಾಶವಿದೆ, ಆದರೆ ಮೊಣಕೈಗೆ ಇಲ್ಲ. ಜಪಾನಿನ ಕರಾಟೆ ಗುರು ಕಝುಯೋಶಿ ಇಶೀ 1993ರಲ್ಲಿ ಆರಂಭಿಸಿದ ವೃತ್ತಿಪರ ಪಂದ್ಯಾವಳಿಯಿಂದ ಕೆ-1 ಎಂಬ ಹೆಸರು ಬಂದಿದೆ.

ಇದರ ಪರಿಣಾಮವನ್ನು ಊಹಿಸುವುದು ಕಷ್ಟವಲ್ಲ. ಇಂದಿರಾನಗರದ ಜಿಮ್ ಒಂದರಲ್ಲಿ ಕೆ-1 ಶೈಲಿಯಲ್ಲಿ ತೊಡೆಗೆ ಒದೆಯುವುದನ್ನು ರೂಢಿಸಿಕೊಂಡ ಹುಡುಗ, ಕೃಷ್ಣರಾಜಪುರದ ಸಭಾಂಗಣವೊಂದರಲ್ಲಿ ಲೈಟ್ ಕಾಂಟ್ಯಾಕ್ಟ್ ಸ್ಪರ್ಧೆಗೆ ಇಳಿದನೆಂದು ಭಾವಿಸೋಣ. ಅವನು ನಂಬಿದ ಒದೆಗೆ ಅಲ್ಲಿ ಅಂಕವಿಲ್ಲ. ಬದಲಿಗೆ ಎಚ್ಚರಿಕೆ ಸಿಗುತ್ತದೆ. ಅವನು ಸೋತದ್ದು ಎದುರಾಳಿಗಲ್ಲ, ಓದದ ನಿಯಮಕ್ಕೆ.

ಮ್ಯಾಟ್ ಮೇಲಿನ ಲೆಕ್ಕ

ಹೊಸಬರಿಗೆ ಬೇಗ ಅರ್ಥವಾಗುವುದು ಪಾಯಿಂಟ್ ಫೈಟಿಂಗ್. ಇಲ್ಲಿ ಅಂಕದ ಹೊಡೆತ ಬಿದ್ದಂತೆ ಕಂಡೊಡನೆ ಆಟವನ್ನು ನಿಲ್ಲಿಸಲಾಗುತ್ತದೆ. ಮಧ್ಯದ ರೆಫರಿ ಹಾಗೂ ಇಬ್ಬರು ಪಕ್ಕದ ತೀರ್ಪುಗಾರರು ತಾವು ಕಂಡ ಅಂಕವನ್ನು ಬೆರಳೆತ್ತಿ ತೋರಿಸುತ್ತಾರೆ. ಮೂವರಲ್ಲಿ ಇಬ್ಬರಾದರೂ ಒಪ್ಪಿದರೆ ಮಾತ್ರ ಅಂಕ ದಾಖಲಾಗುತ್ತದೆ.

ದರಪಟ್ಟಿ ಸರಳವಾಗಿದೆ. ಮುಷ್ಟಿಯ ಹೊಡೆತಕ್ಕೆ 1 ಅಂಕ. ದೇಹಕ್ಕೆ ಬಿದ್ದ ಒದೆಗೂ 1 ಅಂಕ. ತಲೆಗೆ ತಾಗಿದ ಒದೆಗೆ 2. ಹಾರಿ ದೇಹಕ್ಕೆ ಒದ್ದರೆ 2, ಹಾರಿ ತಲೆಗೆ ಒದ್ದರೆ 3. ಒಬ್ಬ ಸ್ಪರ್ಧಿ 10 ಅಂಕಗಳಷ್ಟು ಮುಂದೆ ಹೋದರೆ ಪಂದ್ಯ ಅಲ್ಲಿಗೇ ಮುಗಿಯುತ್ತದೆ.

ತಲೆಗೆ ಒದ್ದರೆ ಹೆಚ್ಚು ಅಂಕ ಏಕೆ? ಅಷ್ಟೆತ್ತರಕ್ಕೆ ಕಾಲೆತ್ತಿ, ಸಮತೋಲನ ತಪ್ಪದೆ, ತಡೆಯನ್ನು ದಾಟಿ ಗುರಿ ಮುಟ್ಟಿಸುವುದು ಕಠಿಣ ಕೌಶಲ ಎಂಬುದು ಇದರ ಹಿಂದಿರುವ ತರ್ಕ. ಅಂದರೆ ಇಲ್ಲಿ ಬೆಲೆ ಕಟ್ಟುವುದು ನೋವಿಗಲ್ಲ, ನೈಪುಣ್ಯಕ್ಕೆ. ಆದ ಕಾರಣ ಅಗತ್ಯಕ್ಕಿಂತ ಜೋರಾಗಿ ಹೊಡೆದವನಿಗೆ ಹೆಚ್ಚುವರಿ ಅಂಕದ ಬದಲು ದಂಡ ಬೀಳುತ್ತದೆ.

ಲೈಟ್ ಕಾಂಟ್ಯಾಕ್ಟ್‌ನಲ್ಲಿ ಆಟ ನಡುವೆ ನಿಲ್ಲದೆ ಸಾಗುತ್ತದೆ. ತೀರ್ಪುಗಾರರು ಎಣಿಕೆಯ ಸಾಧನವನ್ನು ಕೈಯಲ್ಲಿ ಹಿಡಿದು, ಕಂಡ ಹೊಡೆತಗಳನ್ನು ಒತ್ತುತ್ತಾ ಹೋಗುತ್ತಾರೆ. ಕಿಕ್ ಲೈಟ್ ಕೂಡ ಹೀಗೆಯೇ ನಡೆಯುತ್ತದೆ, ಜತೆಗೆ ಅಲ್ಲಿ ತೊಡೆಗೆ ಒದೆಯಲೂ ಅನುಮತಿ ಇರುತ್ತದೆ. ಮಕ್ಕಳನ್ನು ಮೊದಲ ಬಾರಿ ಸ್ಪರ್ಧೆಗೆ ಕಳುಹಿಸುವ ಪೋಷಕರು ಈ ಗುಂಪು ಮತ್ತು ರಿಂಗ್‌ನ ಗುಂಪಿನ ನಡುವಿನ ಅಂತರವನ್ನು ಸ್ಪಷ್ಟವಾಗಿ ಅರಿತಿರಬೇಕು.

ಸ್ವಚ್ಛ ಹೊಡೆತ ಎಂದರೇನು?

ಯಾವ ನಿಯಮಾವಳಿಯನ್ನು ತೆರೆದರೂ ಎದುರಾಗುವ ಒಂದು ಪದ 'ಸ್ವಚ್ಛ ಹೊಡೆತ'. ಕೈಯಾದರೆ ಕೈಗವಸಿನ ಗೆಣ್ಣಿನ ಭಾಗ ತಾಗಿರಬೇಕು. ಅಂಗೈಯಿಂದ ತಟ್ಟಿದ್ದು ಲೆಕ್ಕಕ್ಕಿಲ್ಲ. ಒದೆಯಾದರೆ ನಿಯಮ ಒಪ್ಪಿದ ಕಾಲಿನ ಭಾಗ ಗುರಿಗೆ ತಾಗಿರಬೇಕು. ಎದುರಾಳಿಯ ತೋಳು, ಕೈಗವಸು ಅಥವಾ ಎತ್ತಿದ ಮೊಣಕಾಲು ಅದನ್ನು ತಡೆದಿರಬಾರದು. ಹೊಡೆದವನು ಕಣ್ಣುಮುಚ್ಚಿ ಬೀಸದೆ ಗುರಿ ನೋಡಿ ಹೊಡೆದಿರಬೇಕು, ಹೊಡೆದ ಮೇಲೆ ತಾನೇ ಮುಗ್ಗರಿಸಿರಬಾರದು.

ತಲೆಯ ಹಿಂಭಾಗ, ಕುತ್ತಿಗೆ, ಬೆನ್ನು, ತೊಡೆಸಂದು, ಮೊಣಕಾಲಿನ ಕೀಲು ಇವು ನಿಷಿದ್ಧ ಗುರಿಗಳು. ಅಲ್ಲಿಗೆ ಬಿದ್ದ ಹೊಡೆತ ಎಷ್ಟೇ ಪರಿಣಾಮಕಾರಿ ಎನಿಸಿದರೂ ಅಂಕ ತರುವುದಿಲ್ಲ.

ಪ್ರೇಕ್ಷಕರಿಗೂ ತೀರ್ಪುಗಾರರಿಗೂ ದಾರಿ ಬೇರೆಯಾಗುವುದು ಇಲ್ಲೇ. ತೋಳಿಗೆ ಬಡಿದ ಒದೆ ಸಭಾಂಗಣವೆಲ್ಲ ಕೇಳುವಂತೆ ಸದ್ದು ಮಾಡುತ್ತದೆ. ಅಂಕ ಮಾತ್ರ ಸೊನ್ನೆ. ಎದುರಾಳಿ ಮುನ್ನುಗ್ಗುವಾಗ ಗಲ್ಲಕ್ಕೆ ತಾಗಿದ ಚುಟುಕು ನೇರ ಗುದ್ದು ಹಿಂದಿನ ಸಾಲಿನವರಿಗೆ ಕಾಣುವುದೇ ಇಲ್ಲ. ಅಂಕ ಮಾತ್ರ ಜಮೆಯಾಗುತ್ತದೆ. ಸುಮ್ಮನೆ ಬೆನ್ನಟ್ಟುವುದು ಆಕ್ರಮಣವಲ್ಲ. ಬೆನ್ನಟ್ಟುತ್ತಾ ಪೆಟ್ಟು ತಿನ್ನುವವನು ಅಂಕ ಕಳೆದುಕೊಳ್ಳುತ್ತಿರುತ್ತಾನೆ, ಹಿಂದೆ ಸರಿಯುತ್ತಾ ಪೆಟ್ಟು ಕೊಡುವವನು ಗಳಿಸುತ್ತಿರುತ್ತಾನೆ. ಮೂಗಿನಿಂದ ಸುರಿದ ರಕ್ತಕ್ಕೂ ಅದರಷ್ಟಕ್ಕೇ ಅಂಕವಿಲ್ಲ.

ಹತ್ತು ಅಂಕಗಳ ಪದ್ಧತಿ

ವೃತ್ತಿಪರ ಕಿಕ್‌ಬಾಕ್ಸಿಂಗ್‌ನಲ್ಲಿ ಬಾಕ್ಸಿಂಗ್‌ನಿಂದ ಎರವಲು ಪಡೆದ 'ಹತ್ತು ಅಂಕಗಳ ಪದ್ಧತಿ' ಹೆಚ್ಚಾಗಿ ಬಳಕೆಯಲ್ಲಿದೆ. ಇದರಲ್ಲಿ ಪ್ರತಿ ಹೊಡೆತಕ್ಕೆ ಅಂಕವಿಲ್ಲ, ಪ್ರತಿ ಸುತ್ತಿಗೆ ಅಂಕ. ಸುತ್ತನ್ನು ಗೆದ್ದವನಿಗೆ 10, ಸೋತವನಿಗೆ 9. ಸೋತವನು ಆ ಸುತ್ತಿನಲ್ಲಿ ಒಮ್ಮೆ ನೆಲಕ್ಕುರುಳಿ ಎಣಿಕೆಗೆ ಒಳಗಾಗಿದ್ದರೆ ಸಾಮಾನ್ಯವಾಗಿ 8. ಎರಡು ಬಾರಿಯಾದರೆ 7. ರೆಫರಿ ದಂಡ ವಿಧಿಸಿದ್ದರೆ ಅದನ್ನೂ ಕಳೆಯಲಾಗುತ್ತದೆ. ಕೆ-1 ಪಂದ್ಯದಲ್ಲಿ ತಲಾ 3 ನಿಮಿಷಗಳ 3 ಸುತ್ತುಗಳಿರುತ್ತವೆ. ಸಮಬಲವಾದರೆ ಹೆಚ್ಚುವರಿ ಸುತ್ತು ಆಡಿಸುವ ರೂಢಿಯಿದೆ.

ಒಂದು ಲೆಕ್ಕವನ್ನು ನೋಡೋಣ. ನೀಲಿ ಮೂಲೆಯ ಸ್ಪರ್ಧಿ ಮೊದಲ ಎರಡು ಸುತ್ತುಗಳನ್ನು ಕೂದಲೆಳೆಯ ಅಂತರದಿಂದ ಗೆದ್ದ. ಕೆಂಪು ಮೂಲೆಯವನು ಮೂರನೆಯ ಸುತ್ತಿನಲ್ಲಿ ಅಬ್ಬರಿಸಿ, ಎದುರಾಳಿಯನ್ನು ಹಗ್ಗಕ್ಕೆ ಒತ್ತಿ ಹಣ್ಣುಗಾಯಿ ಮಾಡಿದ. ಆದರೆ ನೆಲಕ್ಕೆ ಕೆಡವಲಿಲ್ಲ. ನೀಲಿಗೆ 10, 10, 9 ಸೇರಿ 29. ಕೆಂಪಿಗೆ 9, 9, 10 ಸೇರಿ 28. ಗೆದ್ದವನು ನೀಲಿ. ಕೊನೆಯ ಮೂರು ನಿಮಿಷಗಳ ಅಬ್ಬರವನ್ನಷ್ಟೇ ನೆನಪಿಟ್ಟುಕೊಂಡ ಪ್ರೇಕ್ಷಕರಿಗೆ ಇದು ಅನ್ಯಾಯವೆನಿಸುತ್ತದೆ. ಆದರೆ ಈ ಪದ್ಧತಿಯಲ್ಲಿ ಕೂದಲೆಳೆಯ ಗೆಲುವಿಗೂ ಭರ್ಜರಿ ಗೆಲುವಿಗೂ ಬಹುತೇಕ ಒಂದೇ ಬೆಲೆ. ಅದೇ ಮೂರನೆಯ ಸುತ್ತಿನಲ್ಲಿ ಕೆಂಪು ಸ್ಪರ್ಧಿ ಎದುರಾಳಿಯನ್ನು ಒಮ್ಮೆ ಕೆಡವಿದ್ದರೆ ನೀಲಿಗೆ 9ರ ಬದಲು 8 ಸಿಕ್ಕಿ ಪಂದ್ಯ 28-28ರಲ್ಲಿ ಸಮಬಲವಾಗುತ್ತಿತ್ತು. ಒಂದು ಬೀಳುವಿಕೆಗೆ ಇರುವ ತೂಕ ಅಂತಹುದು.

ಮೂರು ಕುರ್ಚಿ, ಮೂರು ನೋಟ

ತೀರ್ಪುಗಾರರು ಸಾಮಾನ್ಯವಾಗಿ ಮೂವರು. ಕಣದ ಬೇರೆ ಬೇರೆ ಬದಿಗಳಲ್ಲಿ ಕುಳಿತಿರುತ್ತಾರೆ, ಪರಸ್ಪರ ಮಾತನಾಡುವಂತಿಲ್ಲ. ಒಬ್ಬರ ಕಣ್ಣೆದುರು ನಡೆದ ಹೊಡೆತ ಇನ್ನೊಬ್ಬರಿಗೆ ಸ್ಪರ್ಧಿಯ ಬೆನ್ನ ಹಿಂದೆ ಮರೆಯಾಗಬಹುದು. ಮತ್ತೊಬ್ಬರಿಗೆ ಅದೇ ಕ್ಷಣದಲ್ಲಿ ರೆಫರಿಯ ದೇಹ ಅಡ್ಡ ಬಂದಿರಬಹುದು. ಒಬ್ಬರ ಕಣ್ಣನ್ನು ನಂಬುವ ಬದಲು ಮೂವರ ಬಹುಮತವನ್ನು ನಂಬುವುದು ಇದಕ್ಕಾಗಿಯೇ. ಮೂವರೂ ಒಬ್ಬನನ್ನೇ ಆರಿಸಿದರೆ ಸರ್ವಾನುಮತದ ತೀರ್ಪು. ಇಬ್ಬರು ಒಬ್ಬನನ್ನು, ಮೂರನೆಯವರು ಇನ್ನೊಬ್ಬನನ್ನು ಆರಿಸಿದರೆ ವಿಭಜಿತ ತೀರ್ಪು.

ಇಲ್ಲಿ ಬಹಳ ಮಂದಿ ಎಡವುವ ಅಂಶವೊಂದಿದೆ. ಎಲ್ಲ ತೀರ್ಪುಗಾರರ ಅಂಕಗಳನ್ನು ಒಟ್ಟಿಗೆ ಕೂಡಿಸುವುದಿಲ್ಲ. ಪ್ರತಿಯೊಬ್ಬರ ಅಂಕಪಟ್ಟಿಯೂ ಒಂದೊಂದು ಮತ. ಇದನ್ನು ಭಾರತೀಯರು ನೋವಿನಿಂದ ಕಲಿತದ್ದು ಬಾಕ್ಸಿಂಗ್‌ನಲ್ಲಿ. 2021ರ ಜುಲೈ 29ರಂದು ಟೋಕಿಯೊ ಒಲಿಂಪಿಕ್ಸ್‌ನ 51 ಕೆ.ಜಿ. ವಿಭಾಗದಲ್ಲಿ ಮೇರಿ ಕೋಮ್ ಅವರು ಕೊಲಂಬಿಯಾದ ಇಂಗ್ರಿಟ್ ವೇಲೆನ್ಸಿಯಾ ಅವರನ್ನು ಎದುರಿಸಿದರು. ಮೊದಲ ಸುತ್ತಿನಲ್ಲಿ ಐವರಲ್ಲಿ ನಾಲ್ವರು ತೀರ್ಪುಗಾರರು ವೇಲೆನ್ಸಿಯಾ ಪರ ನಿಂತರು. ಎರಡು ಮತ್ತು ಮೂರನೆಯ ಸುತ್ತುಗಳಲ್ಲಿ ಮೂವರು ಮೇರಿ ಪರ ಇದ್ದರು. ಮೂರರಲ್ಲಿ ಎರಡು ಸುತ್ತು ಗೆದ್ದರೂ ಮೇರಿ 2-3ರಿಂದ ಸೋತರು. ತೀರ್ಪು ಘೋಷಣೆಯಾದಾಗಲೂ ತಾವೇ ಗೆದ್ದಿರುವುದಾಗಿ ಅವರು ಭಾವಿಸಿದ್ದರು.

ಇದು ಹೇಗೆ ಸಾಧ್ಯ? ಸುತ್ತಿನ ಬಹುಮತ ಒಂದು ಲೆಕ್ಕ, ಒಬ್ಬೊಬ್ಬ ತೀರ್ಪುಗಾರನ ಮೂರು ಸುತ್ತುಗಳ ಮೊತ್ತ ಇನ್ನೊಂದು ಲೆಕ್ಕ. ಗೆಲುವನ್ನು ನಿರ್ಧರಿಸುವುದು ಎರಡನೆಯದು. ಮೊದಲ ಸುತ್ತಿನಲ್ಲಿ ಹಿಂದೆ ಬಿದ್ದವರಿಗೆ ಅದೇ ತೀರ್ಪುಗಾರರ ಪಟ್ಟಿಯಲ್ಲಿ ಉಳಿದೆರಡೂ ಸುತ್ತುಗಳನ್ನು ಗೆಲ್ಲಬೇಕಾದ ಒತ್ತಡವಿರುತ್ತದೆ. ಹತ್ತು ಅಂಕಗಳ ಪದ್ಧತಿ ಎಲ್ಲೆಲ್ಲಿ ಇದೆಯೋ ಅಲ್ಲೆಲ್ಲ ಈ ಮಾತು ಅನ್ವಯಿಸುತ್ತದೆ, ಕಿಕ್‌ಬಾಕ್ಸಿಂಗ್ ಇದಕ್ಕೆ ಹೊರತಲ್ಲ.

ಅಂಕ ಬದಲಾದರೆ ಆಟವೂ ಬದಲು

ಅಂಕ ನೀಡುವ ಕ್ರಮ ಕೇವಲ ಗೆದ್ದವರನ್ನು ಗುರುತಿಸುವುದಿಲ್ಲ. ಸ್ಪರ್ಧಿಗಳು ಹೇಗೆ ಹೋರಾಡಬೇಕೆಂಬುದನ್ನೂ ಅದೇ ನಿರ್ಧರಿಸುತ್ತದೆ. ಇದಕ್ಕೆ ಬಾಕ್ಸಿಂಗ್ ಇತಿಹಾಸವೇ ಉತ್ತಮ ಪಾಠ.

1988ರ ಸೋಲ್ ಒಲಿಂಪಿಕ್ಸ್ ಫೈನಲ್‌ನಲ್ಲಿ ಅಮೆರಿಕದ ರಾಯ್ ಜೋನ್ಸ್ ಜೂನಿಯರ್ ಆತಿಥೇಯ ದೇಶದ ಪಾರ್ಕ್ ಸಿ ಹುನ್ ಅವರಿಗೆ 86 ಹೊಡೆತಗಳನ್ನು ತಾಗಿಸಿದರೆಂದೂ ಪಾರ್ಕ್ ತಾಗಿಸಿದ್ದು 32 ಎಂದೂ ದೂರದರ್ಶನ ಪ್ರಸಾರಕರ ಎಣಿಕೆ ಹೇಳಿತು. ತೀರ್ಪು ಮಾತ್ರ 3-2ರಿಂದ ಪಾರ್ಕ್ ಪಾಲಾಯಿತು. ಜಗತ್ತಿನಾದ್ಯಂತ ಟೀಕೆ ವ್ಯಕ್ತವಾದ ಬಳಿಕ 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ನಲ್ಲಿ ವಿದ್ಯುನ್ಮಾನ ಪದ್ಧತಿ ಬಂದಿತು. ಐವರು ತೀರ್ಪುಗಾರರ ಪೈಕಿ ಮೂವರು ಒಂದು ಸೆಕೆಂಡಿನೊಳಗೆ ಗುಂಡಿ ಒತ್ತಿದರೆ ಮಾತ್ರ ಅಂಕ.

ಪಕ್ಷಪಾತ ತಡೆಯುವ ಉದ್ದೇಶ ಒಳ್ಳೆಯದೇ ಆಗಿತ್ತು. ಆದರೆ ಮೂವರ ಬೆರಳಿಗೂ ಏಕಕಾಲಕ್ಕೆ ಸಿಗುವುದು ಬಿಡಿಬಿಡಿಯಾದ, ತಲೆಗೆ ತಾಗುವ ಉದ್ದನೆಯ ನೇರ ಗುದ್ದು. ಸರಣಿ ಹೊಡೆತಗಳು ಮತ್ತು ಹೊಟ್ಟೆ ಪಕ್ಕೆಗಳಿಗೆ ಬೀಳುವ ಹತ್ತಿರದ ಗುದ್ದುಗಳು ಎಣಿಕೆಯಿಂದ ಜಾರಿಹೋದವು. ಬಾಕ್ಸರ್‌ಗಳು ಬೇಗನೆ ಪಾಠ ಕಲಿತು, ಅಂಕ ತರದ ಹೊಡೆತಗಳನ್ನು ಬಿಟ್ಟರು. 2013ರಲ್ಲಿ ಆ ಪದ್ಧತಿಯನ್ನು ಕೈಬಿಟ್ಟು ಹತ್ತು ಅಂಕಗಳ ಪದ್ಧತಿಗೆ ಮರಳಲಾಯಿತು. ಹಾಗಾದರೂ ವಿವಾದ ತಪ್ಪಲಿಲ್ಲ. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಕೆಲವು ತೀರ್ಪುಗಾರರನ್ನು ಕೂಟದ ನಡುವೆಯೇ ಮನೆಗೆ ಕಳುಹಿಸಬೇಕಾಯಿತು.

ಕಿಕ್‌ಬಾಕ್ಸಿಂಗ್‌ನಲ್ಲೂ ಇದೇ ಕಥೆ. ಆರಂಭದ ದಿನಗಳಲ್ಲಿ ಅಮೆರಿಕದ ಸ್ಪರ್ಧಿಗಳು ದಣಿದ ಕೂಡಲೇ ಒದೆಯುವುದನ್ನು ನಿಲ್ಲಿಸಿ ಬಾಕ್ಸಿಂಗ್‌ಗೆ ಇಳಿಯುತ್ತಿದ್ದರು. ಅದನ್ನು ತಡೆಯಲು ಪ್ರತಿ ಸುತ್ತಿನಲ್ಲಿ ಕನಿಷ್ಠ 8 ಒದೆ ಒದೆಯಲೇಬೇಕೆಂಬ ನಿಯಮ ತರಲಾಯಿತು. ವಾಕೊ ಫುಲ್ ಕಾಂಟ್ಯಾಕ್ಟ್‌ನಲ್ಲಿ ಈ ಸಂಖ್ಯೆ 6. ಮುಯೆ ಥಾಯ್‌ನ ಸಾಂಪ್ರದಾಯಿಕ ತೀರ್ಪು ಮತ್ತೊಂದು ಬಗೆ. ಅಲ್ಲಿ ದೇಹಕ್ಕೆ ಬಿದ್ದ ಬಲವಾದ ಒದೆ ಮತ್ತು ಮೊಣಕಾಲಿನ ಪ್ರಹಾರಕ್ಕೆ ಗುದ್ದಿಗಿಂತ ಹೆಚ್ಚು ತೂಕ. ಐದು ಸುತ್ತುಗಳ ಪಂದ್ಯವನ್ನು ಇಡಿಯಾಗಿ ತೂಗಿ ನೋಡಲಾಗುತ್ತದೆ. ಹೀಗಾಗಿ ಮೊದಲ ಸುತ್ತುಗಳಲ್ಲಿ ಇಬ್ಬರೂ ನಿಧಾನವಾಗಿ ಒಬ್ಬರನ್ನೊಬ್ಬರು ಅಳೆಯುತ್ತಿರುತ್ತಾರೆ. ಅದೇ ಸ್ಪರ್ಧಿ ಮೂರೇ ಸುತ್ತುಗಳ ಕೆ-1 ಕಣಕ್ಕೆ ಬಂದು ಹಾಗೆ ಅಳೆಯುತ್ತಾ ನಿಂತರೆ ಪಂದ್ಯ ಕೈಬಿಟ್ಟುಹೋಗುತ್ತದೆ.

ತೀರ್ಪುಗಾರರು ಪಂದ್ಯ ನಿಲ್ಲಿಸುವುದಿಲ್ಲ

ಅಂಕಪಟ್ಟಿಯ ಬಗ್ಗೆ ಮಾತನಾಡುವಾಗ ಮರೆಯಬಾರದ ಸಂಗತಿ, ಅಂಕ ಹಾಕುವವರ ಕೈಯಲ್ಲಿ ಸ್ಪರ್ಧಿಯ ಸುರಕ್ಷತೆ ಇಲ್ಲ ಎಂಬುದು. ತೀರ್ಪುಗಾರರ ಕೆಲಸ ಎಣಿಸುವುದು. ಪಂದ್ಯವನ್ನು ನಿಲ್ಲಿಸುವ ಅಧಿಕಾರ ಕಣದೊಳಗಿನ ರೆಫರಿಯದ್ದು. ಗಾಯ ಪರೀಕ್ಷಿಸಿ ಮುಂದುವರಿಸಬಾರದೆಂದು ಹೇಳುವ ಹೊಣೆ ವೈದ್ಯರದ್ದು. ತಮ್ಮ ಸ್ಪರ್ಧಿ ಸಾಕಷ್ಟು ಪೆಟ್ಟು ತಿಂದನೆಂದು ಅರಿತು ಟವೆಲ್ ಎಸೆಯುವ ವಿವೇಕ ತರಬೇತುದಾರರದ್ದು. ನೆಲಕ್ಕುರುಳಿದವನು ತಕ್ಷಣ ಎದ್ದು ನಿಂತರೂ ರೆಫರಿ 8ರವರೆಗೆ ಎಣಿಸುತ್ತಾರೆ. ಆ ಎಂಟು ಎಣಿಕೆ ಅಂಕಕ್ಕಾಗಿ ಅಲ್ಲ, ಕಣ್ಣಿನಲ್ಲಿ ತಿಳಿವು ಇದೆಯೇ ಎಂದು ನೋಡುವುದಕ್ಕೆ.

ಇದರ ಮಹತ್ವವನ್ನು ಬೆಂಗಳೂರು ದುಬಾರಿ ಬೆಲೆ ತೆತ್ತು ತಿಳಿದಿದೆ. 2022ರ ಜುಲೈನಲ್ಲಿ ನಗರದ ಪಶ್ಚಿಮ ಭಾಗದಲ್ಲಿ ನಡೆದ ರಾಜ್ಯಮಟ್ಟದ ಕೆ-1 ಕಿಕ್‌ಬಾಕ್ಸಿಂಗ್ ಸ್ಪರ್ಧೆಯಲ್ಲಿ ಮೈಸೂರಿನ ಯುವ ಸ್ಪರ್ಧಿಯೊಬ್ಬರು ಎದುರಾಳಿಯ ಹೊಡೆತಕ್ಕೆ ಕಣದಲ್ಲೇ ಕುಸಿದುಬಿದ್ದರು. ಆಸ್ಪತ್ರೆಗೆ ಸೇರಿಸಿದರೂ ಚಿಕಿತ್ಸೆ ಫಲಕಾರಿಯಾಗದೆ ಕೆಲವೇ ದಿನಗಳಲ್ಲಿ ಮೃತಪಟ್ಟರು. ಸ್ಥಳದಲ್ಲಿ ಸೂಕ್ತ ವೈದ್ಯಕೀಯ ವ್ಯವಸ್ಥೆ ಇರಲಿಲ್ಲವೆಂದು ಕುಟುಂಬದವರು ಆರೋಪಿಸಿದರು. ಜ್ಞಾನಭಾರತಿ ಪೊಲೀಸ್ ಠಾಣೆಯಲ್ಲಿ ಪ್ರಕರಣ ದಾಖಲಾಯಿತು.

ಕೆ-1ರಲ್ಲಿ ತಲೆಗೆ ಪೂರ್ಣ ಬಲದಿಂದ ಹೊಡೆಯಲು ಅನುಮತಿ ಇದೆ. ಎದುರಾಳಿಯನ್ನು ಕೆಡವಿದರೆ ಸುತ್ತಿನ ಲೆಕ್ಕ 10-8 ಆಗುತ್ತದೆ, ಎದ್ದೇಳದಿದ್ದರೆ ಪಂದ್ಯವೇ ಮುಗಿಯುತ್ತದೆ. ಅಂದರೆ ಈ ಪ್ರಕಾರದ ನಿಯಮಗಳೇ ಸ್ಪರ್ಧಿಯನ್ನು ತಲೆಯ ಕಡೆಗೆ ತಿರುಗಿಸುತ್ತವೆ. ಇದರಲ್ಲಿ ಗುಟ್ಟೇನೂ ಇಲ್ಲ. ಈ ಕ್ರೀಡೆಯ ಸ್ವಭಾವವೇ ಅದು. ಗುಟ್ಟಲ್ಲದ ಅಪಾಯಕ್ಕೆ ಸಿದ್ಧತೆಯೂ ಬಹಿರಂಗವಾಗಿಯೇ ಇರಬೇಕು ಎಂಬುದು ಆ ಸಾವು ಉಳಿಸಿಹೋದ ಮಾತು.

ಕಣಕ್ಕಿಳಿಯುವ ಮುನ್ನ

ಭಾರತದಲ್ಲಿ ಕಿಕ್‌ಬಾಕ್ಸಿಂಗ್ ಹೆಸರಿನಲ್ಲಿ ಒಂದಕ್ಕಿಂತ ಹೆಚ್ಚು ಸಂಘಟನೆಗಳು ಕೆಲಸ ಮಾಡುತ್ತಿವೆ. 'ರಾಜ್ಯಮಟ್ಟ', 'ರಾಷ್ಟ್ರಮಟ್ಟ' ಎಂಬ ಫಲಕ ಕಂಡ ಮಾತ್ರಕ್ಕೆ ನಿಯಮಗಳೆಲ್ಲ ಒಂದೇ ಎಂದು ಭಾವಿಸಲಾಗದು. ಹೆಸರು ನೋಂದಾಯಿಸುವ ಮುನ್ನ ಸ್ಪರ್ಧಿಗಳೂ ಪೋಷಕರೂ ಕೇಳಲೇಬೇಕಾದ ಕೆಲವು ಪ್ರಶ್ನೆಗಳಿವೆ.

ಮೊದಲನೆಯದಾಗಿ, ಸ್ಪರ್ಧೆ ಯಾವ ಪ್ರಕಾರದ್ದು? ಮ್ಯಾಟ್ ಮೇಲೋ, ರಿಂಗ್‌ನಲ್ಲೋ? ಹೊಡೆತದ ಬಲಕ್ಕೆ ಮಿತಿ ಇದೆಯೇ? ತಲೆಗೆ ರಕ್ಷಾಕವಚ ಕಡ್ಡಾಯವೇ? ಆದರೆ ರಕ್ಷಾಕವಚ ಚರ್ಮ ಹರಿಯುವುದನ್ನೂ ಗೀರುಗಾಯವನ್ನೂ ತಗ್ಗಿಸುತ್ತದೆಯೇ ಹೊರತು ತಲೆಯೊಳಗೆ ಮೆದುಳು ಅಲುಗಾಡುವುದನ್ನು ಪೂರ್ತಿ ತಡೆಯಲಾರದು ಎಂಬುದೂ ನೆನಪಿರಲಿ.

ಎರಡನೆಯದಾಗಿ, ಅಂಕ ಹೊಡೆತಕ್ಕೋ, ಸುತ್ತಿಗೋ? ತೀರ್ಪುಗಾರರು ಎಷ್ಟು ಮಂದಿ? ಸಮಬಲವಾದರೆ ಏನು ಕ್ರಮ? ತೀರ್ಪಿನ ವಿರುದ್ಧ ಆಕ್ಷೇಪ ಸಲ್ಲಿಸಲು ಅವಕಾಶವಿದೆಯೇ, ಎಷ್ಟು ಹೊತ್ತಿನೊಳಗೆ? ಪಂದ್ಯ ಮುಗಿದ ಮೇಲೆ ಅಂಕಪಟ್ಟಿಯನ್ನು ತೋರಿಸುತ್ತಾರೆಯೇ? ತೋರಿಸಲು ಹಿಂಜರಿಯುವ ಆಯೋಜಕರಿಗಿಂತ ಗೋಡೆಗೆ ಅಂಟಿಸುವ ಆಯೋಜಕರನ್ನು ಹೆಚ್ಚು ನಂಬಬಹುದು.

ಮೂರನೆಯದಾಗಿ, ಮತ್ತು ಉಳಿದೆಲ್ಲಕ್ಕಿಂತ ಮುಖ್ಯವಾಗಿ, ಕಣದ ಪಕ್ಕದಲ್ಲಿ ವೈದ್ಯರು ಇರುತ್ತಾರೆಯೇ? ಬಾಗಿಲಲ್ಲಿ ಆಂಬುಲೆನ್ಸ್ ನಿಂತಿರುತ್ತದೆಯೇ? ಸಂಜೆಯ ವೇಳೆ ಹಳೇ ಮದರಾಸು ರಸ್ತೆಯ ವಾಹನ ದಟ್ಟಣೆಯನ್ನು ಕಂಡವರಿಗೆ, ಕರೆ ಮಾಡಿದ ಮೇಲೆ ಬರುವ ಆಂಬುಲೆನ್ಸಿಗೂ ಮೊದಲೇ ನಿಂತಿರುವ ಆಂಬುಲೆನ್ಸಿಗೂ ಇರುವ ವ್ಯತ್ಯಾಸವನ್ನು ಬಿಡಿಸಿ ಹೇಳಬೇಕಿಲ್ಲ. ಪಂದ್ಯಕ್ಕೆ ಮುನ್ನ ದೇಹತೂಕವನ್ನೂ ಆರೋಗ್ಯವನ್ನೂ ಪರೀಕ್ಷಿಸಲಾಗುತ್ತದೆಯೇ? ತಲೆಗೆ ಪೆಟ್ಟು ಬಿದ್ದು ನಾಕ್‌ಔಟ್ ಆದವರನ್ನು ನಿಗದಿತ ಅವಧಿಯವರೆಗೆ ಕಣಕ್ಕೆ ಇಳಿಸದಿರುವ ನಿಯಮ ಪಾಲನೆಯಾಗುತ್ತಿದೆಯೇ? ಈ ಪ್ರಶ್ನೆಗಳಿಗೆ ಸಮಾಧಾನಕರ ಉತ್ತರ ಸಿಗದಿದ್ದರೆ ಪದಕದ ಆಸೆ ಬಿಟ್ಟು ಹಿಂದಿರುಗುವುದೇ ಲೇಸು.

ಪ್ರೇಕ್ಷಕರಿಗೂ ಒಂದು ಮಾತು. ಮುಂದಿನ ಬಾರಿ ಪಂದ್ಯ ನೋಡುವಾಗ ಒಂದು ಚೀಟಿಯಲ್ಲಿ ಪ್ರತಿ ಸುತ್ತಿನ ಕೊನೆಗೆ ನಿಮ್ಮದೇ ಅಂಕ ಬರೆದು ನೋಡಿ. ಸದ್ದನ್ನು ಮರೆತು ತಾಗಿದ್ದನ್ನಷ್ಟೇ ಎಣಿಸಿ. ಸುತ್ತು ಮುಗಿದೊಡನೆ ಬರೆದು, ಮತ್ತೆ ತಿದ್ದಬೇಡಿ. ಪಕ್ಕದಲ್ಲಿ ಕುಳಿತವರ ಚೀಟಿಗೂ ನಿಮ್ಮ ಚೀಟಿಗೂ ತಾಳೆಯಾಗದಿದ್ದರೆ ಆಶ್ಚರ್ಯಪಡಬೇಕಿಲ್ಲ. ಕಣದ ಸುತ್ತ ಕುಳಿತ ಮೂವರಿಗೂ ಆಗುವುದು ಅದೇ. ಒಂದಷ್ಟು ಪಂದ್ಯಗಳ ನಂತರ ಯಾವ ತೀರ್ಪು ಭಿನ್ನ ನೋಟದ ಫಲ, ಯಾವುದು ನಿಜಕ್ಕೂ ತಪ್ಪು ಎಂಬುದನ್ನು ಬೇರ್ಪಡಿಸುವ ಕಣ್ಣು ಬರುತ್ತದೆ. ಅಂಥ ಕಣ್ಣುಗಳು ಹೆಚ್ಚಿದಷ್ಟೂ ತೀರ್ಪುಗಾರರು ಎಚ್ಚರದಿಂದಿರುತ್ತಾರೆ, ಆಯೋಜಕರೂ ಎಚ್ಚರದಿಂದಿರುತ್ತಾರೆ.